ಜಗುಲಿ ಮೇಲಿನ ಹೆಸರಿಲ್ಲದ ಗಿಡಗಳು

ಈ ಸಲ ರಾಗಿ ಇಲ್ಲ, ತೆಂಗು ಇಲ್ಲ, ಜಗುಲಿ ಮೇಲಿನ ಕುಂಡದ ಗಿಡಗಳ ವಿಷಯ. "ಇವನಿಗೆ ಬೇರೆ ಕೆಲಸ ಇಲ್ವಾ, ಶೋಕಿ ಗಿಡದ ಚರಿತ್ರೆ ಬರೀತಾ ಕೂತವ್ನೆ" ಅಂತ ಕೆಲವರು ಅಂತೀರಿ. ಅನ್ನಿ, ಪರವಾಗಿಲ್ಲ. ಆದರೆ ಪೂರ್ತಿ ಓದಿ. ಈ ಗಿಡಗಳು ನಿಮ್ಮ ಮನೇಲೂ ಇದಾವೆ, ನಿಮ್ಮ ಮನೇಲೂ ಚಿಕ್ಕ ಮಕ್ಕಳು ಇದಾವೆ.

ಎರಡು ವರ್ಷದ ಹಿಂದೆ ನಮ್ಮ ಸೊಸೆ ಬೆಂಗಳೂರಿಂದ ಬರುವಾಗ ನಾಲ್ಕು ಕುಂಡ ತಂದಳು. ಒಂದು ಮನಿ ಪ್ಲಾಂಟ್, ಅದು ಎಲ್ಲರಿಗೂ ಗೊತ್ತು. ಇನ್ನೊಂದು ನೆಟ್ಟಗೆ ಕತ್ತಿ ತರ ನಿಂತಿರೋದು. ಮೂರನೇದು ಎಲೆಗೆ ಎಣ್ಣೆ ಸವರಿದ ಹಾಗೆ ಮಿರಮಿರ ಅನ್ನೋದು. ನಾಲ್ಕನೇದು ಅಗಲ ಎಲೆ, ಹಸಿರು ಮೇಲೆ ಹಾಲು ಚೆಲ್ಲಿದಂಗೆ ಬಿಳಿ ಮಚ್ಚೆ. ಹೆಸರು ಕೇಳಿದರೆ "ಇಂಡೋರ್ ಪ್ಲಾಂಟ್ ಮಾವ" ಅಂದಳು. ನಾನೂ ಸುಮ್ಮನಾದೆ. ನರ್ಸರಿಯವನೂ ಅವಳಿಗೆ ಅಷ್ಟೇ ಹೇಳಿದ್ದನಂತೆ.

ಆ ಬೇಸಿಗೆ ರಜಕ್ಕೆ ಮಗಳು ಬಂದಿದ್ದಳು. ಅವಳ ಮಗು, ಮೂರು ವರ್ಷದ ಹುಡುಗಿ, ಆ ಬಿಳಿ ಮಚ್ಚೆ ಗಿಡದ ಎಲೆ ಹರಿದು ಕಚ್ಚಿಬಿಟ್ಟಿದೆ. ಒಂದೇ ಕಿರುಚು. ನಾನು ಕೊಟ್ಟಿಗೇಲಿದ್ದೆ, ಓಡಿ ಬಂದೆ. ಬಾಯಿಂದ ಜೊಲ್ಲು ಸುರೀತಾ ಇದೆ, ತುಟಿ ಊದಿದೆ, ನಾಲಿಗೆ ಒಳಗೆ ಹೋಗ್ತಿಲ್ಲ. ಬೈಕಲ್ಲಿ ಕೂರಿಸ್ಕೊಂಡು ಆಸ್ಪತ್ರೆಗೆ ಹೋದ್ವಿ. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಯಾವ ಗಿಡ?" ನಾನು ನಲವತ್ತು ವರ್ಷದಿಂದ ಮಣ್ಣಲ್ಲಿ ಬದುಕಿರೋನು. ನಮ್ಮ ಹೊಲದ ಬದೂಲಿ ಬೆಳೆಯೋ ಒಂದೊಂದು ಸೊಪ್ಪಿನ ಹೆಸರೂ ಹೇಳ್ತೀನಿ. ನನ್ನ ಮನೆ ಬಾಗಿಲಲ್ಲಿದ್ದ ಗಿಡದ ಹೆಸರು ನನಗೆ ಗೊತ್ತಿರಲಿಲ್ಲ.

ಪುಣ್ಯಕ್ಕೆ ಎಲೆ ತುಂಡು ಮಗಳ ಸೆರಗಲ್ಲಿ ಸಿಕ್ಕಿಕೊಂಡಿತ್ತು. ಡಾಕ್ಟರು ಅದರ ಫೋಟೋ ಯಾರಿಗೋ ಕಳಿಸಿ, "ಡಿಫೆನ್‌ಬೇಕಿಯಾ, ಗಾಬರಿ ಬೇಡ" ಅಂದರು. ಬಾಯಿ ತೊಳೆಸಿ, ತಣ್ಣಗಿನ ಹಾಲು ಕುಡಿಸಿ, ಉಸಿರಾಟ ನೋಡ್ತಾ ಸಾಯಂಕಾಲದವರೆಗೂ ಇಟ್ಕೊಂಡರು. ಮಾರನೇ ದಿನಕ್ಕೆ ಊತ ಇಳೀತು. ಮನೆಗೆ ಬಂದ ಮೇಲೆ ನನ್ನ ಹೆಂಡತಿ ಆ ಗಿಡ ಕಿತ್ತು ತಿಪ್ಪೆಗೆ ಎಸೆಯೋಕೆ ಹೊರಟಳು. ತಡಿ ಅಂದೆ. ತಿಪ್ಪೇಲಿ ದನ ಬಾಯಿ ಹಾಕಿದರೆ ಅದಕ್ಕೂ ಅದೇ ಗತಿ.

ಅವತ್ತಿಂದ ಸಿಕ್ಕಿದ್ದು ಓದೋಕೆ ಶುರು ಮಾಡಿದೆ. ಗ್ರಂಥಾಲಯದಲ್ಲಿ ಸ್ವಲ್ಪ, ಫೋನಲ್ಲಿ ಜಾಸ್ತಿ. ನಾನು ಎಸ್ಸೆಸ್ಸೆಲ್ಸಿ ಅಷ್ಟೇ, ಇಂಗ್ಲಿಷಿಗೆ ತಮ್ಮನ ಮಗನ ಸಹಾಯ.

ಮೊದಲು ತಿಳಿದಿದ್ದು ಡಿಫೆನ್‌ಬೇಕಿಯಾ ನಮ್ಮ ಕೆಸುವಿನ ದಾಯಾದಿ ಅಂತ. ಕೆಸುವಿನ ಸೊಪ್ಪು ಸರಿಯಾಗಿ ಬೇಯದಿದ್ದರೆ, ಸುವರ್ಣಗೆಡ್ಡೆಗೆ ಹುಣಸೆಹುಳಿ ಹಾಕದಿದ್ದರೆ ಗಂಟಲು ಕೆರೆಯುತ್ತಲ್ಲ, ಅದೇ ಕಾರಣ ಇಲ್ಲೂ. ಒಳಗೆ ಸುಣ್ಣದ ಅಂಶದ ಸೂಜಿ ಇರ್ತವೆ, ಕಣ್ಣಿಗೆ ಕಾಣದಷ್ಟು ಸಣ್ಣವು. ಅಗಿದ ಕೂಡಲೇ ಚುಚ್ಚುತ್ತವೆ. ಕೆಸುವಿನ ವಿಷಯ ನಮ್ಮ ಅಜ್ಜಿಯರಿಗೆ ಗೊತ್ತಿತ್ತು, ಯಾಕಂದರೆ ಅದು ಇಲ್ಲೇ ಇದ್ದಿದ್ದು. ಈ ಗಿಡ ಬಂದಿದ್ದು ಅಮೆರಿಕ ಖಂಡದ ಬಿಸಿ ಮಳೆಕಾಡಿಂದ. ಹೆಸರಿಟ್ಟವನು ಶಾಟ್ ಅನ್ನೋ ಆಸ್ಟ್ರಿಯಾದ ಸಸ್ಯಶಾಸ್ತ್ರಿ. ವಿಯೆನ್ನಾದ ಶೋನ್‌ಬ್ರುನ್ ಅರಮನೆ ತೋಟದಲ್ಲಿ ಡಿಫೆನ್‌ಬಾಕ್ ಅಂತ ಹಿರಿಯ ಮಾಲಿ ಇದ್ದ, ಅವನ ಹೆಸರೇ ಗಿಡಕ್ಕೆ. ಮಾಲಿ ಹೆಸರನ್ನ ಗಿಡಕ್ಕೆ ಇಟ್ಟಿದ್ದು ನನಗೆ ಬಹಳ ಹಿಡಿಸ್ತು. ಇಂಗ್ಲಿಷಲ್ಲಿ ಇದನ್ನ ಮೂಕನ ಕಬ್ಬು ಅನ್ನೋ ಅರ್ಥ ಬರೋ ಹಾಗೆ ಕರೀತಾರೆ. ದಂಟು ಕಬ್ಬಿನ ಹಾಗೆ ಗೆಣ್ಣು ಗೆಣ್ಣು ಇರುತ್ತೆ, ಕಚ್ಚಿದೋರಿಗೆ ಮಾತು ನಿಂತೋಗುತ್ತೆ. ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಲ್ಲಿ ಗುಲಾಮರಿಗೆ ಶಿಕ್ಷೆ ಅಂತ ಇದನ್ನ ಬಾಯಿಗೆ ಉಜ್ಜುತ್ತಿದ್ದರು ಅಂತ ಬರೆದಿಟ್ಟಿದ್ದಾರೆ. ಅಂದರೆ ಈ ಗಿಡದ ಗುಣ ಅದರ ಹೆಸರಲ್ಲೇ ಇತ್ತು. ನಮ್ಮ ಜಗುಲಿಗೆ ಬರೋಷ್ಟರಲ್ಲಿ ಹೆಸರು ಕಳೆದು ಗಿಡ ಮಾತ್ರ ಉಳಿದಿತ್ತು.

ನಮ್ಮ ಹಿರಿಯರು ಇದರಲ್ಲಿ ಜಾಣರು. ಹೊರಗಿಂದ ಏನು ಬಂದರೂ ಮುಂದೆ ಒಂದು 'ಸೀಮೆ' ಸೇರಿಸಿಬಿಡೋರು. ಸೀಮೆಬದನೆ, ಸೀಮೆಹುಣಸೆ, ಸೀಮೆಹಸು, ಸೀಮೆಎಣ್ಣೆ. ಪರಂಗಿಹಣ್ಣು ಅಂದರೆ ಫಿರಂಗಿಯವರು ತಂದಿದ್ದು. ಇದು ನಮ್ಮದಲ್ಲ, ಸ್ವಲ್ಪ ನೋಡ್ಕೊಂಡು ಮುಟ್ಟು ಅನ್ನೋ ಸೂಚನೆ ಹೆಸರಲ್ಲೇ ಸಿಗೋದು. ಸೀಮೆಬದನೆಯನ್ನ ನಮ್ಮ ಕಡೆ ಬೆಳೆಸೋಕೆ ಹಚ್ಚಿದವರು ಲಾಲ್‌ಬಾಗಿನ ಕ್ಯಾಮೆರಾನ್ ಸಾಹೇಬರು. 1874ರಿಂದ ಮೂವತ್ತು ವರ್ಷದ ಮೇಲೆ ಲಾಲ್‌ಬಾಗ್ ನೋಡ್ಕೊಂಡವರು, ಅಲ್ಲಿನ ಗಾಜಿನಮನೆ ಕಟ್ಟಿದ್ದೂ ಅವರ ಕಾಲದಲ್ಲೇ. ಈಗಿನ ಹೆಸರು ನೋಡಿ, ಮನಿ ಪ್ಲಾಂಟ್, ಲಕ್ಕಿ ಬ್ಯಾಂಬೂ. ಲಕ್ಕಿ ಬ್ಯಾಂಬೂ ಬಿದಿರೇ ಅಲ್ಲ ಸ್ವಾಮಿ. ಆಫ್ರಿಕಾದ ಕ್ಯಾಮರೂನ್ ಕಡೆಯ ಬೇರೆ ಜಾತಿ ಗಿಡ. ಬಿದಿರಿಗೂ ಅದಕ್ಕೂ ಗೆಣ್ಣು ಇರೋದು ಬಿಟ್ಟರೆ ಸಂಬಂಧವಿಲ್ಲ.

ಹೊರಗಿನ ಗಿಡ ತರಿಸೋದು ಹೊಸದೇನಲ್ಲ. 1760ರಲ್ಲಿ ಹೈದರಾಲಿ ಲಾಲ್‌ಬಾಗ್ ಶುರು ಮಾಡಿದ್ದು, ಟಿಪ್ಪು ಬೇರೆ ಬೇರೆ ದೇಶದಿಂದ ಬೀಜ, ಸಸಿ ತರಿಸಿದ್ದು ನಮಗೆಲ್ಲ ಗೊತ್ತೇ ಇದೆ. ಆದರೆ ಬೀಜ ಹಡಗಲ್ಲಿ ಬರುತ್ತೆ, ಜೀವಂತ ಸಸಿ ಬರೋದು ಕಷ್ಟ. ತಿಂಗಳುಗಟ್ಟಲೆ ಸಮುದ್ರ, ಉಪ್ಪು ಗಾಳಿ. ಕುಡಿಯೋ ನೀರಿಗೇ ಅಲ್ಲಿ ಲೆಕ್ಕ, ಗಿಡಕ್ಕೆ ಯಾರು ಹಾಕ್ತಾರೆ? ಬಹುಪಾಲು ದಾರೀಲೇ ಒಣಗಿ ಹೋಗ್ತಿದ್ದವು.

ಇದಕ್ಕೆ ದಾರಿ ಸಿಕ್ಕಿದ್ದು ಒಂದು ಹುಳುವಿನಿಂದ. ಲಂಡನ್ನಿನಲ್ಲಿ ನಥಾನಿಯಲ್ ವಾರ್ಡ್ ಅಂತ ಡಾಕ್ಟರು. ಅವರಿಗೆ ಜರೀಗಿಡದ ಹುಚ್ಚು. ಕಲ್ಲಿದ್ದಲ ಹೊಗೆಗೆ ಅವರ ತೋಟದ ಜರೀಗಿಡ ಎಲ್ಲ ಸಾಯ್ತಿದ್ದವು. 1829ರಲ್ಲಿ ಅವರು ಒಂದು ಪತಂಗದ ಕೋಶ ಒಡೆಯೋದು ನೋಡಬೇಕು ಅಂತ ಗಾಜಿನ ಬಾಟಲಿಗೆ ಒದ್ದೆ ಮಣ್ಣು ಹಾಕಿ ಕೋಶ ಇಟ್ಟು ಮುಚ್ಚಿದರು. ನೋಡಿದರೆ ಮಣ್ಣಲ್ಲಿ ಒಂದು ಜರೀಗಿಡ, ಒಂದು ಹುಲ್ಲು ತಾನಾಗಿ ಹುಟ್ಟಿದೆ. ಹಗಲು ನೀರು ಆವಿಯಾಗಿ ಗಾಜಿಗೆ ಹತ್ತುತ್ತೆ, ಆಮೇಲೆ ಇಳಿದು ಮಣ್ಣಿಗೆ ಬೀಳುತ್ತೆ. ಹೊಸ ನೀರು ಬೇಡ. ನಾವು ನರ್ಸರೀಲಿ ಪಾಲಿಥಿನ್ ಹೊದಿಸಿ ಕಡ್ಡಿ ಚಿಗುರಿಸ್ತೀವಲ್ಲ, ಅದೇ ಕೆಲಸ. 1833ರಲ್ಲಿ ಎರಡು ಗಾಜಿನ ಪೆಟ್ಟಿಗೆ ತುಂಬ ಗಿಡ ಹಡಗಿಗೆ ಹಾಕಿ ಆಸ್ಟ್ರೇಲಿಯಾದ ಸಿಡ್ನಿಗೆ ಕಳಿಸಿದರು, ಜೀವಂತ ತಲುಪಿದವು. ವಾಪಸ್ ಬರುವಾಗ ಅಲ್ಲಿನ ಗಿಡ ತುಂಬಿ ಕಳಿಸಿದರು, ಅವೂ ಬದುಕಿ ಬಂದವು.

ಆಮೇಲೆ ಇದೇ ಪೆಟ್ಟಿಗೇಲೇ ಚೀನಾದ ಟೀ ಗಿಡ ಹಿಮಾಲಯದ ಕಡೆಗೆ ಬಂತು, ರಾಬರ್ಟ್ ಫಾರ್ಚೂನ್ ತಂದಿದ್ದು. 1860ರ ನಂತರ ನೀಲಗಿರಿಗೆ ಸಿಂಕೋನಾ ಬಂತು, ಮಲೇರಿಯಾದ ಔಷಧಿ ಮರ. ಟೀ, ಸಿಂಕೋನಾ ಸಾಮ್ರಾಜ್ಯದ ಕೆಲಸಕ್ಕೆ. ಅವುಗಳ ಜೊತೆಗೆ ಚಂದದ ಗಿಡ ಬೇಟೆಯಾಡೋ ಒಂದು ವ್ಯಾಪಾರವೇ ಹುಟ್ಟಿಕೊಳ್ತು. ದೊಡ್ಡ ನರ್ಸರಿಗಳು ಕಾಡಿಗೆ ಆಳು ಕಳಿಸೋವು. ಸಾಹುಕಾರರ ಮನೆ ಒಳಗೆ ಕಾಡಿನ ಗಿಡ ಇಡೋ ಶೋಕಿ ಅಲ್ಲಿಂದ ಜೋರಾಯ್ತು. ಈ ಓಟದಲ್ಲಿ ಯಾವ ಗಿಡ ಯಾವ ಕಾಡಿಂದ ಬಂತು ಅನ್ನೋದೇ ಎಷ್ಟೋ ಸಲ ತಪ್ಪಿಹೋಯ್ತು.

ಮನಿ ಪ್ಲಾಂಟ್ ಕತೆ ಅದೇ. 1880ರಲ್ಲಿ ಬೆಲ್ಜಿಯಂ ದೇಶದ ಲಿಂಡನ್ ಅನ್ನೋ ದೊಡ್ಡ ನರ್ಸರಿಯವರು, ಆಂದ್ರೆ ಅನ್ನೋರು ಸೇರಿ ಇದಕ್ಕೆ ಪೋಥಾಸ್ ಅಂತ ಹೆಸರು ಕೊಟ್ಟರು. ಊರು ಸಾಲೊಮನ್ ದ್ವೀಪ ಅಂದ್ಕೊಂಡಿದ್ದರು. 1908ರಲ್ಲಿ ಜರ್ಮನಿಯ ಎಂಗ್ಲರ್ ಇದು ಪೋಥಾಸ್ ಅಲ್ಲ, ಸಿಂಡಾಪ್ಸಸ್ ಅಂದರು. 1962ರಲ್ಲಿ ಅಮೆರಿಕದಲ್ಲಿ ಹೂ ಬಿಟ್ಟ ಒಂದು ಬಳ್ಳಿ ನೋಡಿ ರಾಫಿಡೋಫೋರಾ ಅಂತ ಮೂರನೇ ಹೆಸರು. ಎರಡೇ ವರ್ಷಕ್ಕೆ ಎಪಿಪ್ರೆಮ್ನಮ್ ಅಂತ ನಾಲ್ಕನೇದು, ಈಗ ನಡೀತಿರೋದು ಅದು. ಒಂದೇ ಜಮೀನಿಗೆ ನಾಲ್ಕು ಸಲ ಖಾತೆ ಬದಲಾದಂಗೆ. ಕೊನೆಗೆ ಊರೂ ಬೇರೆ ಅಂತಾಯ್ತು. ತಾಹಿತಿ ಪಕ್ಕದ ಮೊರಿಯಾ ಅನ್ನೋ ಪುಟ್ಟ ದ್ವೀಪ, ಪೆಸಿಫಿಕ್ ಸಮುದ್ರದ ನಡುವೆ.

ಇಷ್ಟು ಗೊಂದಲ ಯಾಕೆ ಅಂದರೆ ಇದು ಹೂವೇ ಬಿಡಲ್ಲ. ಗಿಡದ ಜಾತಿ ಹಿಡಿಯೋದು ಹೂವಿನಿಂದ. ಹೂ ಇಲ್ಲದೆ ಬರೀ ಎಲೆ ನೋಡಿದರೆ ಅವರಿಗೂ ನಮ್ಮಂಗೇ ತಪ್ಪಾಗುತ್ತೆ. ಯಾಕೆ ಹೂ ಬಿಡಲ್ಲ ಅನ್ನೋದನ್ನ 2016ರಲ್ಲಿ ಅಮೆರಿಕದ ವಿಜ್ಞಾನಿಗಳು ಕಂಡ್ಕೊಂಡರು. ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿಯವರು ಜಿಬ್ಬರೆಲಿಕ್ ಆಸಿಡ್ ಹೊಡೀತಾರಲ್ಲ, ಅದು ಗಿಡಗಳು ತಾವೇ ಮಾಡ್ಕೊಳ್ಳೋ ಪದಾರ್ಥ. ಮನಿ ಪ್ಲಾಂಟಿಗೆ ಅದನ್ನ ಸರಿಯಾಗಿ ಮಾಡ್ಕೊಳ್ಳೋ ಶಕ್ತಿ ಇಲ್ಲ. ಹೊರಗಿಂದ ಹೊಡೆದಾಗ ಹೂ ಬಂತಂತೆ. ಹೂ ಇಲ್ಲ ಅಂದರೆ ಬೀಜ ಇಲ್ಲ. ಹಾಗಾಗಿ ನಮ್ಮ ಮನೆಗಳ ಮನಿ ಪ್ಲಾಂಟ್ ಎಲ್ಲ ಕಡ್ಡಿಯಿಂದ ಕಡ್ಡಿಗೆ ಬಂದಿದ್ದೇ. ಕದ್ದು ತಂದರೆ ಚೆನ್ನಾಗಿ ಬರುತ್ತೆ ಅಂತಾರಲ್ಲ, ಮೊದಲು ಆ ದ್ವೀಪದಿಂದ ತಂದಾಗಲೂ ಅಲ್ಲಿನೋರನ್ನ ಯಾರು ಕೇಳಿರ್ತಾರೆ ಬಿಡಿ.

ಇದನ್ನ ಗುರುತಿಸೋದರಲ್ಲಿ ನಾನೇ ಮೋಸ ಹೋಗಿದ್ದೀನಿ. ನಮ್ಮ ಪಂಪ್‌ಹೌಸ್ ಹತ್ತಿರದ ತೆಂಗಿನಮರಕ್ಕೆ ಒಂದು ಬಳ್ಳಿ ಹಬ್ಬಿತ್ತು. ಮೇಲೆ ಮೊರದಗಲ ಎಲೆ, ಅಂಚಲ್ಲಿ ಸೀಳು ಸೀಳು. ಯಾವುದೋ ಕಾಡುಬಳ್ಳಿ, ಹಕ್ಕಿ ಬೀಜ ತಂದಿರಬೇಕು ಅಂತ ಏಳೆಂಟು ವರ್ಷ ಬಿಟ್ಟಿದ್ದೆ. ಒಂದಿನ ಬುಡ ಹಿಡಿದು ನೋಡಿದರೆ ಕೆಳಗಡೆ ಅಂಗೈ ಗಾತ್ರದ ಮನಿ ಪ್ಲಾಂಟ್ ಎಲೆ! ನನ್ನ ಹೆಂಡತಿ ಯಾವಾಗಲೋ ಕತ್ತರಿಸಿ ಎಸೆದ ಕಡ್ಡಿ. ಇದರ ಗುಣವೇ ಹಾಗೆ. ನೆಲದಲ್ಲಿ, ಕುಂಡದಲ್ಲಿ ಇರೋವರೆಗೂ ಮಗು, ಮರ ಸಿಕ್ಕಿದರೆ ಎಲೆ ದೊಡ್ಡದಾಗ್ತಾ ಹೋಗುತ್ತೆ. ಈಗ ಬುಡ ಕತ್ತರಿಸಿ ತೆಗೆದಿದ್ದೀನಿ. ಶ್ರೀಲಂಕಾದಲ್ಲಿ, ಹವಾಯಿ ದ್ವೀಪದಲ್ಲಿ ಕಾಡಿಗೆ ಬಿದ್ದು ಮರ ಮುಚ್ಚಿಹಾಕಿದೆ ಅಂತ ಓದಿದ ಮೇಲೆ ಭಯ ಆಯ್ತು. ಲಂಟಾನವೂ ಹೀಗೇ ಅಲ್ವಾ ಬಂದಿದ್ದು? ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಕಲ್ಕತ್ತಾದ ಸಸ್ಯತೋಟಕ್ಕೆ ಹೂವಿನ ಅಲಂಕಾರಕ್ಕೆ ಅಂತ ತಂದರು. ಇವತ್ತು ನಮ್ಮ ಗೋಮಾಳ, ಗುಡ್ಡ, ಬಂಡೀಪುರದ ಕಾಡು, ಎಲ್ಲಾ ಕಡೆ ಅದೇ. ನಮ್ಮಪ್ಪನ ಕಾಲದಲ್ಲಿ ದನ ಮೇಯ್ತಿದ್ದ ಗುಡ್ಡದಲ್ಲಿ ಈಗ ಮನುಷ್ಯ ನುಗ್ಗೋಕಾಗಲ್ಲ. ಕೆರೆ ಮುಚ್ಚೋ ನೇರಳೆ ಹೂವಿನ ನೀರುಕಳೆಯೂ ಚಂದಕ್ಕೆ ಅಂತಲೇ ದಕ್ಷಿಣ ಅಮೆರಿಕದಿಂದ ಬಂದಿದ್ದು. ಹಾಗಾಗಿ ಜಗುಲಿ ಗಿಡ ಸವರಿದ ಕಸವನ್ನ ಬದುವಿಗೆ, ಹಳ್ಳಕ್ಕೆ ಎಸೀಬೇಡಿ. ಬಿಸಿಲಿಗೆ ಹಾಕಿ ಪೂರ್ತಿ ಒಣಗಿಸಿ ಆಮೇಲೆ ಗುಂಡಿಗೆ ಹಾಕಿ.

ಈಗ ಆ ಮಿರಮಿರ ಎಲೆ ಗಿಡಕ್ಕೆ ಬರ್ತೀನಿ. ನಾನು ಕೈಯಾರೆ ಕೊಂದಿದ್ದು ಅದನ್ನ. ಬೆಳಗ್ಗೆ ಒಂದು ಚೊಂಬು, ಸಾಯಂಕಾಲ ಒಂದು ಚೊಂಬು ನೀರು. ಎಲೆ ಹಳದಿ ಆಯ್ತು, ಬಿಸಿಲಿಗೆ ಇರಬೇಕು ಅಂತ ಇನ್ನೂ ಒಂದು ಚೊಂಬು ಹಾಕಿದೆ. ದಂಟು ಬುಡದಲ್ಲಿ ಮೆತ್ತಗಾಗಿ ಒಂದೊಂದೇ ಮಲಗಿದವು. ಕಿತ್ತು ನೋಡಿದರೆ ಒಳಗೆ ಆಲೂಗೆಡ್ಡೆ ತರದ ಗೆಡ್ಡೆಗಳು, ಕೊಳೆತು ನಾರ್ತಿದ್ದವು. ಅದರ ಹೆಸರು ಜಾಮಿಯೊಕುಲ್ಕಾಸ್, ಅಂಗಡೀಲಿ ಜೀಜೀ ಪ್ಲಾಂಟ್ ಅಂತಾರೆ. ಇದೂ ಕೆಸುವಿನ ಕುಲವೇ, ಆದರೆ ಮಳೆಕಾಡಿನದಲ್ಲ. ಪೂರ್ವ ಆಫ್ರಿಕಾ, ಕೀನ್ಯಾ, ಟಾಂಜಾನಿಯಾದಿಂದ ಕೆಳಗಡೆವರೆಗೆ. ಅಲ್ಲಿ ತಿಂಗಳುಗಟ್ಟಲೆ ಮಳೆ ಇರಲ್ಲ. ಗೆಡ್ಡೇಲಿ, ದಂಟಲ್ಲಿ ನೀರು ಕೂಡಿಟ್ಕೊಂಡು, ತೀರಾ ಬರ ಬಂದರೆ ಎಲೆ ಉದುರಿಸಿ ಕಾಯುತ್ತೆ. ಅಂಥದಕ್ಕೆ ದಿನಾ ಎರಡು ಚೊಂಬು! 1829ರಲ್ಲೇ ಲಂಡನ್ನಿನ ಲಾಡಿಜಸ್ ನರ್ಸರಿಯವರು ಇದನ್ನ ಕೆಲಡಿಯಂ ಅಂತ ಹೆಸರಿಸಿದ್ದರು, ಅದೂ ತಪ್ಪು ಅಂತ ಆಮೇಲೆ ಬದಲಾಯ್ತು. ಅಲ್ಲಿಂದ ನೂರೈವತ್ತು ವರ್ಷದ ಮೇಲೆ ಸಸ್ಯತೋಟಗಳಲ್ಲಿ ಮೂಲೇಲಿ ಕೂತಿತ್ತು. 1990ರ ದಶಕದಲ್ಲಿ ಹಾಲೆಂಡಿನ ನರ್ಸರಿಗಳು ಲಕ್ಷಗಟ್ಟಲೆ ಮಾಡಿ ಮಾರೋಕೆ ಶುರು ಮಾಡಿದ ಮೇಲೆ ಪ್ರಪಂಚದ ಆಫೀಸುಗಳಿಗೆಲ್ಲ ಬಂತು.

ಕತ್ತಿ ತರ ನಿಂತಿರೋ ಗಿಡ ಸ್ನೇಕ್ ಪ್ಲಾಂಟ್. ಅದೂ ಆಫ್ರಿಕಾದ್ದು, ಪಶ್ಚಿಮದ ಕಡೆ. ಅದರ ದಾಯಾದಿ ನಮ್ಮ ದೇಶದ ಒಣ ಗುಡ್ಡಗಳಲ್ಲೇ ಇದೆ. ಅದರ ನಾರಿಂದ ಬಿಲ್ಲಿನ ಹೆದೆ ಹೊಸೀತಿದ್ದರು, ಇಂಗ್ಲಿಷಲ್ಲಿ ಈಗಲೂ ಹೆದೆಯ ನಾರು ಅಂತಲೇ ಕರೀತಾರೆ. ಮದ್ರಾಸ್ ಕಡೆಯ ಗಿಡಗಳ ಬಗ್ಗೆ ದೊಡ್ಡ ಪುಸ್ತಕ ಮಾಡಿದ ರಾಕ್ಸ್‌ಬರ್ಗ್ ಸಾಹೇಬರ ಹೆಸರೇ ಅದಕ್ಕಿದೆ. ಇದಕ್ಕೂ ಖಾತೆ ಬದಲಾಗಿದೆ, ಸ್ಯಾನ್ಸಿವೇರಿಯಾ ಅಂತಿದ್ದಿದ್ದು 2017ರಿಂದ ಡ್ರಸೀನಾ.

ಇಷ್ಟು ಓದಿದ ಮೇಲೆ ನಾನು ಗಿಡ ನೋಡೋ ರೀತಿ ಬದಲಾಗಿದೆ. ಗೊತ್ತಿಲ್ಲದ ಗಿಡ ಮನೆಗೆ ಬಂದರೆ ಮೊದಲು ನೀರು ಹಾಕಲ್ಲ. ಎಲೆ ಹಿಡಿದು ನೋಡ್ತೀನಿ. ದಪ್ಪ, ಚರ್ಮದಂಗೆ ಇದ್ದು, ಬುಡ ಕೆದಕಿದಾಗ ಗೆಡ್ಡೆ ಇದ್ದರೆ ಒಣನಾಡಿನದು ಅಂತ ಲೆಕ್ಕ. ಎಲೆ ತೆಳ್ಳಗೆ ಅಗಲ ಇದ್ದರೆ ದೊಡ್ಡ ಮರದ ನೆರಳಲ್ಲಿ ಬೆಳೆದ ಕುಲ, ನೇರ ಬಿಸಿಲು ತಡೆಯಲ್ಲ. ಇದು ಎಲ್ಲದಕ್ಕೂ ಸರಿಹೋಗಲ್ಲ, ಶುರು ಮಾಡೋಕೆ ಸಾಕು. ಆಮೇಲೆ ಫೋಟೋ ತೆಗೆದು ಫೋನಲ್ಲಿ ಹುಡುಕೋದು. ಫೋನ್ ಹೇಳಿದ್ದನ್ನೇ ನಂಬಬೇಡಿ. ನನ್ನ ಡಿಫೆನ್‌ಬೇಕಿಯಾನ ಒಂದ್ಸಲ ಅಗ್ಲೋನೀಮಾ ಅಂತು, ಇನ್ನೊಂದ್ಸಲ ಸರಿ ಹೇಳ್ತು. ಎಲೆ, ದಂಟು, ಬುಡ ಮೂರನ್ನೂ ಬೇರೆ ಬೇರೆ ತೆಗೆದು ನೋಡಿ, ಎರಡು ಮೂರು ಕಡೆ ಒಂದೇ ಹೆಸರು ಬಂದರೆ ಇಟ್ಕೊಳಿ. ಅಗ್ಲೋನೀಮಾ, ಡಿಫೆನ್‌ಬೇಕಿಯಾ, ಮನಿ ಪ್ಲಾಂಟ್, ಜೀಜೀ ನಾಲ್ಕೂ ಕೆಸುವಿನ ಕುಲ. ನಾಲ್ಕೂ ಬಾಯಿ ಉರಿಸ್ತವೆ, ಮಕ್ಕಳ ಕೈಗೆ ಸಿಗಬಾರದು. ಯಾರಾದರೂ ಕಚ್ಚಿದರೆ ವಾಂತಿ ಮಾಡಿಸೋಕೆ ಹೋಗಬೇಡಿ. ಬಾಯಿ ತೊಳೆಸಿ, ಎಲೆ ತುಂಡು ಕೈಲಿ ಹಿಡ್ಕೊಂಡು ಆಸ್ಪತ್ರೆಗೆ ಹೊರಡಿ.

ನೀರಿನ ವಿಷಯ. ಜೀಜೀ, ಸ್ನೇಕ್ ಎರಡಕ್ಕೂ ಎರಡು ಮೂರು ವಾರಕ್ಕೊಂದು ಸಲ ಸಾಕು, ಚಳಿ ಮತ್ತು ಮಳೆಗಾಲದಲ್ಲಿ ಇನ್ನೂ ಕಮ್ಮಿ. ಮನಿ ಪ್ಲಾಂಟ್, ಡಿಫೆನ್‌ಬೇಕಿಯಾಕ್ಕೆ ಬೆರಳು ಒಂದು ಗೆಣ್ಣಷ್ಟು ಮಣ್ಣಿಗೆ ಇಳಿಸಿ, ಒಣಗಿದ್ದರೆ ಹಾಕಿ. ಇನ್ನೊಂದು ಮುಖ್ಯ. ನರ್ಸರಿಯವರು ಬರೀ ತೆಂಗಿನ ನಾರಿನ ಪುಡೀಲಿ ಬೆಳೆಸಿ ಕೊಡ್ತಾರೆ. ಆ ಪುಡಿ ಎಷ್ಟು ನೀರು ಹಿಡಿಯುತ್ತೆ ಅಂತ ತೆಂಗು ಬೆಳೆಯೋರಿಗೆ ಹೇಳಿಕೊಡಬೇಕಾ? ಮೇಲೆ ಒಣಗಿದಂಗೆ ಕಂಡರೂ ಒಳಗೆ ತೊಟ್ಟಿಕ್ಕೋ ಹಾಗಿರುತ್ತೆ. ತಂದ ಮೇಲೆ ಕೆಮ್ಮಣ್ಣು, ಮರಳು, ಒಂದು ಹಿಡಿ ಹಳೇ ಗೊಬ್ಬರ ಕಲಸಿ ಬದಲಾಯಿಸಿ, ಕುಂಡದ ತಳದಲ್ಲಿ ತೂತು ಇದೆಯಾ ನೋಡಿ.

ಡಿಫೆನ್‌ಬೇಕಿಯಾ ಈಗಲೂ ನಮ್ಮ ಮನೇಲಿದೆ. ಕಿಟಕಿ ಮೇಲಿನ ಅಟ್ಟಣೇಲಿ, ಮೊಮ್ಮಗಳ ಕೈಗೆ ಎಟುಕದಷ್ಟು ಎತ್ತರಕ್ಕೆ. ಎಲ್ಲಾ ಕುಂಡಕ್ಕೂ ಹಳೇ ತಗಡು ಕತ್ತರಿಸಿ ಹೆಸರು, ಊರು ಬಣ್ಣದಲ್ಲಿ ಬರೆದು ಸಿಕ್ಕಿಸಿದ್ದೀನಿ. ಸೊಸೆ ನೋಡಿ ನಕ್ಕಳು, "ಮಾವ, ಸ್ಕೂಲ್ ಥರ ಆಯ್ತು" ಅಂತ.

ಸತ್ತ ಜೀಜೀ ಗಿಡದಲ್ಲಿ ನಾಲ್ಕು ಎಲೆ ಮಾತ್ರ ಚೆನ್ನಾಗಿದ್ದವು. ತೊಟ್ಟು ಕೆಳಗೆ ಮಾಡಿ ಮರಳಲ್ಲಿ ಚುಚ್ಚಿ, ಇಪ್ಪತ್ತು ದಿನಕ್ಕೊಂದ್ಸಲ ಒಂದು ಲೋಟ ನೀರು ಹಾಕ್ತಾ ಬಂದೆ. ಐದು ತಿಂಗಳು ಏನೂ ಆಗಲಿಲ್ಲ, ಎಲೆ ಹಸಿರಾಗೇ ನಿಂತಿತ್ತು ಅಷ್ಟೇ. ಮೊನ್ನೆ ಭಾನುವಾರ ತಡೆಯೋಕಾಗದೆ ಒಂದನ್ನ ಮೆಲ್ಲಗೆ ಕೆದಕಿ ನೋಡಿದೆ. ತೊಟ್ಟಿನ ತುದೀಲಿ ಕಡಲೆಕಾಯಿ ಬೀಜದಷ್ಟು ಗೆಡ್ಡೆ ಕಟ್ಟಿದೆ. ಮತ್ತೆ ಮರಳು ಮುಚ್ಚಿಟ್ಟಿದ್ದೀನಿ.